ಸಾಮಾನು ವಾಪಸ್ಸಾದ ರಾತ್ರಿ

ಸೋಮವಾರ ಅರವತ್ತೆರಡು ಜೊತೆ ಬೂಟು ಹೋದವು.
ಅರವತ್ತೆರಡೂ ಬಂದಿವೆ ಈಗ,
ಹೋದ ಹಾಗೇ ಅಲ್ಲ.
ಒಂದರಲ್ಲಿ ನೀಲಗಿರಿ ಎಲೆ,
ಒಂದರಲ್ಲಿ ಲೇಸಿನ ಬದಲು ಬೇಲಿತಂತಿ,
ಒಂದು ಜೊತೆಯಲ್ಲಿ ಎರಡೂ ಎಡಗಾಲಿನವು.
ಅಂದರೆ ಇನ್ನಾರೋ ಎರಡು ಬಲಗಾಲಲ್ಲಿ
ವಾರವಿಡೀ ಲೆಫ್ಟ್ ರೈಟ್ ನಡೆದಿದ್ದಾರೆ,
ದೂರಿಲ್ಲದೆ.

ತಗಡಿನ ಶೆಡ್ಡು, ಒಂದೇ ಬಲ್ಬು, ಉದ್ದ ಮೇಜು.
ಕುರಂಡೂಲಕ್ಕೆ ನಲವತ್ತು ಕಿಲೋಮೀಟರು, ಮಣ್ಣುರಸ್ತೆ.
ಮೇಜಿನ ಆಚೆ ಎಳೆ ಮೀಸೆಯ, ಜಡೆ ಕಟ್ಟಿದ ಸೈನ್ಯ;
ಈಚೆ ನಾನು, ಸ್ಟೋರಿನ ಭಾಗಮ್ಮ,
ಅವರ ಬಾಯಲ್ಲಿ ಮಿಸ್ ಬ್ಯಾಗ್.

ಹದಿನೇಳನೇ ದಿಕ್ಸೂಚಿಯಲ್ಲೊಂದು ಗಾಳಿಗುಳ್ಳೆ,
ಉತ್ತರವನ್ನು ಚೂರು ಪೂರ್ವಕ್ಕೆ ವಾಲಿಸುತ್ತದೆ.
ಬದಲಿಸಿ ಎಂದು ಮೂರು ವರ್ಷದಿಂದ ಬರೆಯುತ್ತಿದ್ದೇನೆ.
ಅದನ್ನೇ ನಂಬಿ ಕಾರ್ಪೊರಲ್ ಟೆವಿತಾ
ತನ್ನ ಎಂಟು ಜನರನ್ನು ನಡೆಸಿದ,
ಪಕ್ಕದ ಹೊಲದ ಹೊಂಡದೊಳಕ್ಕೆ, ಮೊಣಕಾಲುದ್ದ.
ಹ್ಯಾಲೊರನ್ ಮುದುಕಿ ಕುರಿ ಹೇರುವ ಗಾಡಿಯಲ್ಲಿ
ಎಲ್ಲರನ್ನೂ ತುಂಬಿ ತಂದು ಗೇಟಿನಲ್ಲಿ ಇಳಿಸಿದಳು:
‘ಒಂಬತ್ತು. ಎಣಿಸಿಕೋ.
ಉಣ್ಣೆ ಮಾತ್ರ ಬಂದಿಲ್ಲ ಇನ್ನೂ.’

ಬುಧವಾರ ನಡುರಾತ್ರಿ ಎರಡಕ್ಕೆ ಕಾವಲಿದ್ದವನು
ಆರ್ಲೋ ಪೆಟ್ರಿಡಿಸ್. ಹನ್ನೆರಡೂವರೆ ವರ್ಷ.
ಟೋಪಿಗೆ ತಲೆ ಸಾಲದೆ ಕಿವಿ ಆಸರೆ.
ಕೈಯಲ್ಲಿ ಬಂದೂಕು, ಗುಂಡು ಹಾರಿಸದ್ದು,
ತೂಕ ಮಾತ್ರ ನಿಜದ್ದು.
ಪೊದೆ ಸರಸರ ಅಂದಿತು.
‘ನಿಲ್ಲು! ಯಾರದು?’
ನಿಲ್ಲಲಿಲ್ಲ.
‘ಗುರುತಿನ ಮಾತು ಹೇಳು!’
ಹೇಳಲಿಲ್ಲ.
ಗುಡಾಣದಂಥ ವೊಂಬ್ಯಾಟ್ ಒಂದು
ತನ್ನ ತಾತನ ಕಾಲದ ಕಾಲುದಾರಿ ಹಿಡಿದು ಬಂದು
ಟಾರ್ಪಾಲಿನ ಮೂರು ಗೂಟ ಕಿತ್ತು
ಮಲಗಿದ್ದ ಇಬ್ಬರ ಹೊಟ್ಟೆ ತುಳಿದು
ಯಾರ ಹಂಗೂ ಇಲ್ಲದೆ ದಾಟಿಹೋಯಿತು.
ವರದಿಯಲ್ಲಿ ಆರ್ಲೋ ಬರೆದಿದ್ದಾನೆ:
‘ಒಬ್ಬರು. ಕುಳ್ಳು. ಉತ್ತರ ಕೊಡಲಿಲ್ಲ.’

ಮಾರನೇ ದಿನ ಟಾರ್ಚಿಗೆ ಬ್ಯಾಟರಿ ಕೇಳಲು ಬಂದ,
ತುಟಿ ಬಿಗಿಹಿಡಿದು.
ಬಾಯಿಗೇನಾಯ್ತೋ ಅಂದೆ.
ಏನಿಲ್ಲ ಮಿಸ್, ಬಿಸ್ಕತ್ತು ಗಟ್ಟಿ ಅಂದ.
ಬಿಸ್ಕತ್ತು ಗಟ್ಟಿಯೇ. ನಾನೇ ಹಂಚಿದ್ದು.
ಅದರ ಮೇಲೆ ಡೇರೆಯ ಗೂಟ ಹೊಡೆಯಬಹುದು.

ಈಗ ನಲವತ್ತೊಂದನೇ ಜೊತೆ, ಅಳತೆ ಐದು,
ಬೋರಲು ಹಾಕಿ ಕೊಡವಿದರೆ
ಕಡ್ಡಿಪೆಟ್ಟಿಗೆ ಬಿತ್ತು.
ಒಳಗೆ ಹತ್ತಿ. ಹತ್ತಿಯಲ್ಲಿ ಒಂದು ಹಾಲುಹಲ್ಲು,
ಬಹುಶಃ ಕೊನೆಯದು.

ಪುಸ್ತಕ ತೆರೆದೆ.
ಕೊಟ್ಟಿದ್ದು, ಬಂದಿದ್ದು, ಹಾಳಾದ್ದು, ಕಳೆದದ್ದು.
ಹೆಚ್ಚಿಗೆ ಬಂದದ್ದಕ್ಕೆ ಕಲಮು ಇಲ್ಲ.
ಬೆಳಿಗ್ಗೆ ಆರಕ್ಕೆ ಬಸ್ಸು.
ಕರೆದು ಕೊಡಲೇ? ಸಾಲಿನ ಮುಂದೆ?
ಕೊಟ್ಟರೆ ಅವನು ಮತ್ತೆ
ನನ್ನ ಕಣ್ಣು ನೋಡಲಾರ.

ಹೊಸದುರ್ಗದಲ್ಲಿ ಅವ್ವ
ಸಗಣಿ ಉಂಡೆಯೊಳಗೆ ನನ್ನ ಹಲ್ಲು ಮುಚ್ಚಿಟ್ಟು
‘ಮಾಳಿಗೆ ಮೇಲೆಸೆ, ತಿರುಗಿ ನೋಡಬೇಡ’ ಅನ್ನುತ್ತಿದ್ದಳು.
ಹೊಸ ಹಲ್ಲಿಗೆ ನಾಚಿಕೆಯಂತೆ, ನೋಡಿದರೆ ಬರುವುದಿಲ್ಲ.
ಇಷ್ಟು ಹೊತ್ತಲ್ಲಿ ಸಗಣಿ ಎಲ್ಲಿ ಹುಡುಕಲಿ?
ಇದ್ದದ್ದು ಬೂಟಿನ ಪಾಲಿಶು.
ಬೆರಳಿಂದ ಗೋರಿ, ಉಂಡೆ ಮಾಡಿ,
ಬಿಳಿಯನ್ನು ಕರಿಯೊಳಗೆ ಒತ್ತಿ
ಹೊರಗೆ ಬಂದೆ.
ಮೇಲೆ ಲೆಕ್ಕಕ್ಕೆ ಸಿಗದಷ್ಟು ಚುಕ್ಕಿ.
ಶೆಡ್ಡಿಗೆ ಬೆನ್ನು ಹಾಕಿ, ಭುಜದ ಮೇಲಿಂದ
ಬೀಸಿ ಎಸೆದೆ.

ಟಣ್.
ಆಮೇಲೆ ಉರುಳಿತು,
ತಗಡಿನ ಏಣು ಏಣಿಗೂ ತಡೆತಡೆದು.

ಗೇಟಿನ ಕತ್ತಲಿಂದ ‘ನಿಲ್ಲು!’,
ಗಂಡಸಿನ ದನಿ.
‘ಯಾರದು?’ ಅನ್ನುವಷ್ಟರಲ್ಲಿ ಒಡೆದು
ಮಗುವಿನದಾಯಿತು.

ಇವತ್ತಿನ ಗುರುತಿನ ಮಾತು
ಎಷ್ಟು ಕೆದಕಿದರೂ ನೆನಪಿಗೆ ಬಾರದು.
ತಿರುಗುವ ಹಾಗೂ ಇಲ್ಲ.
ಪಾಲಿಶು ಮೆತ್ತಿದ ಎರಡೂ ಕೈ ಮೇಲೆತ್ತಿ
ನಿಂತೆ, ಅವನಿಗೆ ಬೆನ್ನು ಕೊಟ್ಟು.